ಇದ್ದಿಲಿನ ಹೊಗೆಯಲ್ಲಿ ಕಾಸು ಇದೆಯಾ?

ಭದ್ರಾವತಿ ಅಂದ್ರೆ ಎಲ್ಲರಿಗೂ ನೆನಪಾಗುವುದು ಕಬ್ಬಿಣ. ಆದರೆ 1923ರಲ್ಲಿ ಶುರುವಾದ ಆ ಕಾರ್ಖಾನೆಯಲ್ಲಿ ಹೊಗೆಯನ್ನೂ ಸರಕು ಮಾಡಿ ಮಾರುವ ಲೆಕ್ಕಾಚಾರ ಇತ್ತು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಕೆಮ್ಮಣ್ಣುಗುಂಡಿಯ ಅದಿರು ಇತ್ತು, ಪಕ್ಕದಲ್ಲೇ ಕಾಡು ಇತ್ತು. ಹಾಗಾಗಿ ಮರದ ಇದ್ದಿಲಿನಿಂದಲೇ ಅದಿರು ಕರಗಿಸಿದರು. ಅಷ್ಟು ಮರ ಕಡಿದ ಮೇಲೆ ಹೊಗೆಯನ್ನು ಸುಮ್ನೆ ಗಾಳಿಗೆ ಬಿಡುವುದು ಯಾಕೆ ಅಂತ ಮರ ಬಟ್ಟಿ ಇಳಿಸುವ ಘಟಕವನ್ನೂ ಕಟ್ಟಿದರು.

ಗಾಳಿ ಆಡದಂತೆ ಮುಚ್ಚಿದ ಕಬ್ಬಿಣದ ಕೋಣೆಯಲ್ಲಿ ಮರ ಕಾಯಿಸುತ್ತಾರೆ. ಮೊದಲು ಹೋಗುವುದು ನೀರಿನ ಆವಿ. ಸುಮಾರು 280 ಡಿಗ್ರಿ ದಾಟಿದರೆ ಮರ ತಾನಾಗಿಯೇ ಶಾಖ ಬಿಡುತ್ತಾ ಒಡೆಯತೊಡಗುತ್ತದೆ, ದಟ್ಟ ಹೊಗೆ ಬರುತ್ತದೆ. ಆ ಹೊಗೆಯನ್ನು ತಣ್ಣೀರಲ್ಲಿ ಮುಳುಗಿಸಿದ ತಾಮ್ರದ ಕೊಳವೆಯಲ್ಲಿ ಹಾಯಿಸಿದರೆ ಕಂದು ಬಣ್ಣದ, ಮೂಗಿಗೆ ಹೊಡೆಯುವ ಹುಳಿ ನೀರು ಇಳಿಯುತ್ತದೆ. ಹಾಗೇ ಬಿಟ್ಟರೆ ತಳದಲ್ಲಿ ಟಾರು ಕೂರುತ್ತದೆ. ಮೇಲಿನ ನೀರನ್ನು ಮತ್ತೆ ಕಾಯಿಸಿದರೆ 65 ಡಿಗ್ರಿಯ ಸುಮಾರಿಗೆ ಮೆಥನಾಲ್ ಅನ್ನುವ ವಿಷದ ಮದ್ಯಸಾರ ಹೊರಡುತ್ತದೆ. ನೀರಿಗೆ ಹುಳಿ ಕೊಡುವ ಅಸಿಟಿಕ್ ಆಮ್ಲವನ್ನು (ವಿನೆಗರ್‌ನಲ್ಲಿರುವುದೂ ಇದೇ) ಹಿಡಿಯಲು ಸುಣ್ಣ ಹಾಕುತ್ತಾರೆ. ನೀರು ಆರಿಸಿದರೆ ಕ್ಯಾಲ್ಸಿಯಂ ಅಸಿಟೇಟ್ ಅನ್ನುವ ಬೂದು ಬಣ್ಣದ ಪುಡಿ ಉಳಿಯುತ್ತದೆ. ಅದನ್ನೇ ಮತ್ತೆ ಕಾಯಿಸಿದರೆ ಅಸಿಟೋನ್ ಅನ್ನುವ ದ್ರಾವಕ. ಬ್ರಿಟಿಷರ ಸಿಡಿಮದ್ದು ಕಾರ್ಡೈಟ್‌ಗೆ ಬೇಕಾಗುತ್ತಿದ್ದದ್ದು ಇದೇ, ಹಾಗಾಗಿ ಮೊದಲ ಮಹಾಯುದ್ಧದಲ್ಲಿ ಇದಕ್ಕೆ ಎಲ್ಲಿಲ್ಲದ ಬೇಡಿಕೆ.

ಕೇಳೋಕೆ ಚೆನ್ನಾಗಿದೆ ಅಲ್ವಾ? ಈಗ ಲೆಕ್ಕ ನೋಡಿ. ಒಂದು ಟನ್ ಒಣ ಗಟ್ಟಿಮರದಿಂದ ಇದ್ದಿಲು ಸುಮಾರು 300 ಕಿಲೋ ಬರುತ್ತದೆ. ಅಸಿಟಿಕ್ ಆಮ್ಲ ಹೆಚ್ಚೆಂದರೆ 50–60 ಕಿಲೋ, ಮೆಥನಾಲ್ 20 ಕಿಲೋ ಬಂದರೆ ಜಾಸ್ತಿ. ಹುಳಿ ನೀರಿನ ಬಹುಪಾಲು ಬರೀ ನೀರೇ. ಆ ನೀರನ್ನು ಓಡಿಸಲು ಸೌದೆ ಉರಿಸಬೇಕು, ಖರ್ಚೆಲ್ಲ ಅಲ್ಲೇ. ಅದರ ಮೇಲೆ ವಿಧಿಯ ಆಟ ಬೇರೆ. ಅದೇ 1923ರಲ್ಲಿ ಜರ್ಮನಿಯ ಲೊಯ್ನಾದಲ್ಲಿ ಬಿಎಎಸ್‌ಎಫ್ ಕಂಪನಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಸೇರಿಸಿ ಮೆಥನಾಲ್ ಮಾಡತೊಡಗಿತು. ಮರವೂ ಬೇಡ, ಸುಣ್ಣವೂ ಬೇಡ. ಮುಂದಿನ ವರ್ಷಗಳಲ್ಲಿ ಜಗತ್ತಿನೆಲ್ಲೆಡೆ ಮರದ ಬಟ್ಟಿಗಳು ಒಂದೊಂದಾಗಿ ಸೋತವು.

ಅಂದ್ರೆ ಹೊಗೆ ನೀರಿನಲ್ಲಿ ಏನೇನಿದೆ ಅಂತ ಪಟ್ಟಿ ಮಾಡಿ ಒಂದೊಂದಕ್ಕೂ ಮಾರುಕಟ್ಟೆ ದರ ಗುಣಿಸಿದರೆ ಬರುವ ಮೊತ್ತ ಬರೀ ಕಾಗದದ ದುಡ್ಡು. ಈಗ ಇದರಲ್ಲಿ ಗಿಟ್ಟಿಸುವವರು ಹೆಚ್ಚಾಗಿ ಬಿಡಿಸುವ ಗೋಜಿಗೇ ಹೋಗದವರು. ಅಮೆರಿಕದಲ್ಲಿ ಟಾರು ತೆಗೆದ ಹೊಗೆ ನೀರನ್ನು ಮಾಂಸಕ್ಕೆ, ಸಾಸ್‌ಗೆ ರುಚಿಯಾಗಿ ಮಾರುತ್ತಾರೆ. ಹೊಗೆಯ ಘಮವೇ ಅಲ್ಲಿ ಸರಕು. ಇದಕ್ಕೂ ಕುತ್ತು ಇಲ್ಲದಿಲ್ಲ: 2024ರಲ್ಲಿ ಯುರೋಪಿಯನ್ ಒಕ್ಕೂಟ ಎಂಟು ಹೊಗೆ ರುಚಿಕಾರಕಗಳ ಪರವಾನಗಿ ನವೀಕರಿಸಲಿಲ್ಲ, ಜೀವಕೋಶದ ಡಿಎನ್‌ಎಗೆ ಹಾನಿ ಮಾಡಬಹುದು ಅನ್ನುವ ಕಾರಣಕ್ಕೆ. ಜಪಾನಿನ ರೈತರು ಇದೇ ಹುಳಿ ನೀರನ್ನು ನೂರಾರು ಪಟ್ಟು ನೀರು ಬೆರೆಸಿ ಬೆಳೆಗೆ ಹೊಡೆಯುತ್ತಾರೆ. ನಮ್ಮಲ್ಲೂ ‘ವುಡ್ ವಿನೆಗರ್’ ಬಾಟಲಿಗಳು ಬಂದಿವೆ, ಸರ್ವರೋಗಕ್ಕೂ ಮದ್ದು ಅನ್ನುವ ಜಾಹೀರಾತಿನ ಸಮೇತ. ಅದನ್ನು ನಾನಂತೂ ನಂಬುವುದಿಲ್ಲ. ನೀರು ಕಡಿಮೆ ಬೆರೆಸಿ ಹೊಡೆದರೆ ಕಳೆಯ ಜೊತೆ ಬೆಳೆಯೂ ಸುಡುತ್ತದೆ, ಆಮ್ಲ ತಾನೇ.

ಇನ್ನೊಂದು ದಾರಿ, ಹೊಗೆಯಿಂದ ಇಳಿದ ದ್ರವವನ್ನು ಉರುವಲಾಗಿ ಸುಡುವುದು. ಮರದ ಪುಡಿಯನ್ನು 500 ಡಿಗ್ರಿಯಲ್ಲಿ ಒಂದೆರಡು ಸೆಕೆಂಡು ಮಾತ್ರ ಕಾಯಿಸಿ ತಟ್ಟನೆ ತಣಿಸಿದರೆ ತೂಕದಲ್ಲಿ ನೂರಕ್ಕೆ 60–70 ಭಾಗ ಎಣ್ಣೆಯಂಥ ದ್ರವವಾಗುತ್ತದೆ. ತೂಕಕ್ಕೆ ತೂಕ ನೋಡಿದರೆ ಡೀಸೆಲ್ಲಿನ ಅರ್ಧಕ್ಕಿಂತ ಕಡಿಮೆ ಶಾಖ, ಡೀಸೆಲ್ ಜೊತೆ ಬೆರೆಯುವುದಿಲ್ಲ, ಇಟ್ಟಷ್ಟೂ ಗಟ್ಟಿಯಾಗುತ್ತದೆ. ಲಾರಿಗೆ ಹಾಕುವಂತಿಲ್ಲ, ಬಾಯ್ಲರಿಗೆ ಆಗುತ್ತದೆ. ನೆದರ್‌ಲ್ಯಾಂಡ್ಸ್‌ನ ಹೆಂಗೆಲೋದಲ್ಲಿ 2015ರಲ್ಲಿ ಶುರುವಾದ ಘಟಕದ ಎಣ್ಣೆ ಒಂದು ಹಾಲಿನ ಕಾರ್ಖಾನೆಯಲ್ಲಿ ನೈಸರ್ಗಿಕ ಅನಿಲದ ಬದಲು ಉರಿದು ಉಗಿ ಮಾಡಿತು.

ನಮ್ಮ ತಿಪಟೂರು, ಅರಸೀಕೆರೆ ಕಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವ ಕರಟವೂ ಇದ್ದಿಲಾಗುತ್ತದೆ. ಗುಂಡಿಯಲ್ಲಿ ಸುಟ್ಟರೆ ಹೊಗೆಯೆಲ್ಲ ಊರಿನ ಪಾಲು. ಅದನ್ನು ಹಿಡಿಯುವುದು ಕಷ್ಟವೇನಲ್ಲ: ಮುಚ್ಚಿದ ಗೂಡು, ಆಮ್ಲಕ್ಕೆ ತುಕ್ಕು ಹಿಡಿಯದ ಸ್ಟೀಲ್ ಕೊಳವೆ, ಟಾರು ಇಳಿಯಲು ತಿಂಗಳುಗಟ್ಟಲೆ ಅಲುಗಾಡದೆ ನಿಲ್ಲುವ ಡ್ರಮ್ಮು. ಹತ್ತಿರದಲ್ಲಿ ಕೊಳ್ಳುವವರು ಸಿಗದಿದ್ದರೂ ಹೊಗೆಯನ್ನು ತಣಿಸದೆ ಗೂಡಿನ ಒಲೆಗೇ ತಿರುಗಿಸಬಹುದು. ಸೌದೆ ಉಳಿಯುತ್ತದೆ, ಅಕ್ಕಪಕ್ಕದವರ ಬೈಗುಳವೂ ತಪ್ಪುತ್ತದೆ.