ಕೋಟಾ ಹಾಕಿದರೆ ದುಡ್ಡು ಯಾರಿಗೆ ಸೇರುತ್ತದೆ?

ವಿದೇಶಿ ವ್ಯಾಪಾರದ ನೀತಿಯನ್ನು ಕಲಿಸುವಾಗ ನಾನು ಸುಂಕದಿಂದ ಶುರು ಮಾಡುವುದಿಲ್ಲ, ಕೋಟಾದಿಂದ, ಅಂದರೆ ಆಮದಾಗುವ ಸರಕಿನ ಸಂಖ್ಯೆಗೆ ಹಾಕುವ ಮಿತಿಯಿಂದ ಶುರು ಮಾಡುತ್ತೇನೆ. 20ನೇ ಶತಮಾನದ ಕೊನೆಯ ದಶಕಗಳ ಕಥೆಯನ್ನು ಬರೀ ಸುಂಕದ ಅಂಕಿಗಳಲ್ಲಿ ಹೇಳಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಸುಂಕವೇನೋ ಇಳಿಯುತ್ತಲೇ ಇತ್ತು. ಸುಂಕ ಮತ್ತು ವ್ಯಾಪಾರದ ಬಗ್ಗೆ ಹಲವು ದೇಶಗಳು ಮಾಡಿಕೊಂಡ ಗ್ಯಾಟ್ ಒಪ್ಪಂದದ ಅಡಿಯ ಮಾತುಕತೆಗಳಲ್ಲಿ ಕೆನಡಿ ಸುತ್ತು 1967ರಲ್ಲಿ ಮುಗಿಯಿತು, ಟೋಕಿಯೊ ಸುತ್ತು 1979ರಲ್ಲಿ. ಎರಡರಲ್ಲೂ ಕಾರ್ಖಾನೆ ಸರಕುಗಳ ಸುಂಕಕ್ಕೆ ದೊಡ್ಡ ಕತ್ತರಿ ಬಿತ್ತು. ಅದೇ ಹೊತ್ತಿಗೆ ಶ್ರೀಮಂತ ದೇಶಗಳು ಕಾರು, ಉಕ್ಕು, ಟಿವಿ, ಬಟ್ಟೆ ಹೀಗೆ ಒಂದೊಂದೇ ಸರಕಿಗೆ ‘ವರ್ಷಕ್ಕೆ ಇಷ್ಟೇ’ ಎಂದು ಮಿತಿ ಹಾಕುತ್ತಾ ಬಂದವು.

ಕಾರಿನ ವಿಷಯವನ್ನೇ ತೆಗೆದುಕೊಳ್ಳೋಣ. 1979ರಲ್ಲಿ ಇರಾನಿನ ಕ್ರಾಂತಿಯ ನಂತರ ತೈಲದ ಬೆಲೆ ಏರಿತು. ಅಮೆರಿಕದ ಜನರಿಗೆ ಕಡಿಮೆ ಪೆಟ್ರೋಲ್ ಕುಡಿಯುವ ಸಣ್ಣ ಕಾರು ಬೇಕಾಯಿತು. ಅಮೆರಿಕದ ಕಾರು ಉದ್ಯಮದ ಕೇಂದ್ರವಾದ ಡೆಟ್ರಾಯ್ಟ್‌ನ ಕಂಪನಿಗಳ ಹತ್ತಿರ ಇದ್ದದ್ದು ಹೆಚ್ಚಾಗಿ ದೊಡ್ಡ ಕಾರು. ಜಪಾನಿನ ಹತ್ತಿರ ಸಣ್ಣ ಕಾರು ಬೇಕಾದಷ್ಟಿತ್ತು. ಅಮೆರಿಕದ ಕಾರು ಕಂಪನಿ ಕ್ರೈಸ್ಲರ್ ಮುಳುಗುವ ಸ್ಥಿತಿಗೆ ಬಂದಾಗ ಅಮೆರಿಕ ಸರ್ಕಾರ 150 ಕೋಟಿ ಡಾಲರ್ ಸಾಲಕ್ಕೆ ಖಾತರಿ ನಿಲ್ಲಬೇಕಾಯಿತು. ಫೋರ್ಡ್ ಕಂಪನಿ ಮತ್ತು ಕಾರು ಕಾರ್ಮಿಕರ ಸಂಘ, ಆಮದಿನಿಂದ ತಮಗೆ ಪೆಟ್ಟು ಬಿದ್ದಿದೆ ಎಂದು ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗದ ಮುಂದೆ ದೂರು ಕೊಟ್ಟವು. 1980ರ ನವೆಂಬರ್‌ನಲ್ಲಿ ಆಯೋಗ 3-2 ಮತಗಳಿಂದ ಅದನ್ನು ತಳ್ಳಿಹಾಕಿತು. ಆರ್ಥಿಕ ಹಿಂಜರಿತ, ಜನರ ಆಯ್ಕೆ ಬದಲಾದದ್ದು ಇವೇ ದೊಡ್ಡ ಕಾರಣ, ಆಮದು ಅಲ್ಲ ಎಂಬುದು ಬಹುಮತದ ನಿಲುವು.

ಕಾನೂನಿನ ದಾರಿ ಅಲ್ಲಿಗೆ ಮುಚ್ಚಿತು. ಉಳಿದದ್ದು ರಾಜಕೀಯದ ದಾರಿ. ಅಮೆರಿಕದ ಸಂಸತ್ತಿನಲ್ಲಿ ಕೋಟಾ ಮಸೂದೆ ಬರುವ ಸೂಚನೆ ಇತ್ತು. ಅದಕ್ಕಿಂತ ಇದೇ ವಾಸಿ ಎಂದುಕೊಂಡು 1981ರ ಮೇ ತಿಂಗಳಲ್ಲಿ ಜಪಾನ್ ಸರ್ಕಾರ ತಾನೇ ಒಂದು ಘೋಷಣೆ ಮಾಡಿತು: ಅಮೆರಿಕಕ್ಕೆ ವರ್ಷಕ್ಕೆ 16.8 ಲಕ್ಷ ಕಾರುಗಳನ್ನು ಮಾತ್ರ ಕಳಿಸುತ್ತೇವೆ. ಇಂಥ ಏರ್ಪಾಡಿಗೆ ಸ್ವಯಂಪ್ರೇರಿತ ರಫ್ತು ಮಿತಿ ಎನ್ನುತ್ತಾರೆ.

ಮಾರುವವನೇ ಯಾಕೆ ಮಿತಿ ಹಾಕಿಕೊಳ್ಳಬೇಕು? ಉತ್ತರ ಗ್ಯಾಟ್ ನಿಯಮಗಳಲ್ಲಿದೆ. ಅದರ 11ನೇ ವಿಧಿ ಕೋಟಾಗಳನ್ನು ನಿಷೇಧಿಸುತ್ತದೆ. ಕಷ್ಟಕಾಲದಲ್ಲಿ ತಾತ್ಕಾಲಿಕ ತಡೆ ಹಾಕಲು 19ನೇ ವಿಧಿ ಅವಕಾಶ ಕೊಡುತ್ತದೆ, ನಿಜ. ಆದರೆ ಆ ತಡೆ ಎಲ್ಲ ದೇಶಗಳಿಗೂ ಒಂದೇ ರೀತಿ ಅನ್ವಯಿಸಬೇಕು, ನಷ್ಟವಾದವರಿಗೆ ಬೇರೆ ಕಡೆ ರಿಯಾಯಿತಿ ಕೊಡಬೇಕು, ಇಲ್ಲದಿದ್ದರೆ ಅವರು ಎದುರೇಟು ಹಾಕಬಹುದು. ಮಾರುವ ದೇಶವೇ ಒಪ್ಪಿಕೊಂಡುಬಿಟ್ಟರೆ ಇದ್ಯಾವ ತಲೆನೋವೂ ಇಲ್ಲ. ದೂರು ಕೊಡುವವರು ಯಾರೂ ಇರುವುದಿಲ್ಲ, ಅಲ್ವಾ?

ಈಗ ದುಡ್ಡಿನ ವಿಷಯಕ್ಕೆ ಬರೋಣ. ನನ್ನ ವಿದ್ಯಾರ್ಥಿಗಳು ಜಾಸ್ತಿ ತಡವರಿಸುವುದು ಇಲ್ಲೇ. ಉದಾಹರಣೆಗೆ ಒಂದು ಕಾರಿಗೆ 8,000 ಡಾಲರ್ ಎಂದುಕೊಳ್ಳಿ. ಸರ್ಕಾರ 1,000 ಡಾಲರ್ ಸುಂಕ ಹಾಕಿದರೆ ಕೊಳ್ಳುವವರು 9,000 ಕೊಡುತ್ತಾರೆ, ಆ ಸಾವಿರ ಆಮದು ಮಾಡಿಕೊಂಡ ದೇಶದ ಖಜಾನೆಗೆ ಹೋಗುತ್ತದೆ. ಸುಂಕದ ಬದಲು ಸಂಖ್ಯೆಗೆ ಮಿತಿ ಹಾಕಿದರೆ? ಕಾರು ಕಡಿಮೆ, ಬೇಕೆನ್ನುವವರು ಜಾಸ್ತಿ. ಬೆಲೆ ಅದೇ 9,000ಕ್ಕೆ ಏರುತ್ತದೆ. ಆ ಸಾವಿರ ಮಾತ್ರ ಖಜಾನೆಗೆ ಬರುವುದಿಲ್ಲ. ಮಾರುವ ಹಕ್ಕು ಯಾರ ಕೈಯಲ್ಲಿದೆಯೋ ಅವರಿಗೆ ಸೇರುತ್ತದೆ. ಇದಕ್ಕೆ ಅರ್ಥಶಾಸ್ತ್ರದಲ್ಲಿ ಕೋಟಾ ಬಾಡಿಗೆ ಎಂಬ ಹೆಸರಿದೆ. ಜಪಾನಿನ ಕಾರಿನ ವಿಷಯದಲ್ಲಿ ಹಂಚಿಕೆ ಮಾಡುತ್ತಿದ್ದದ್ದು ಜಪಾನಿನ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ. ಹಾಗಾಗಿ ಬಾಡಿಗೆ ಸಿಕ್ಕಿದ್ದು ಜಪಾನಿನ ಕಂಪನಿಗಳಿಗೆ, ಕೊಟ್ಟದ್ದು ಅಮೆರಿಕದ ಗ್ರಾಹಕರು. ಪೈಪೋಟಿ ಸಡಿಲವಾದ್ದರಿಂದ ಡೆಟ್ರಾಯ್ಟ್ ಕಂಪನಿಗಳೂ ತಮ್ಮ ಬೆಲೆ ಏರಿಸಿಕೊಂಡವು.

1985ರಲ್ಲಿ ರೇಗನ್ ಸರ್ಕಾರ ಮಿತಿಯನ್ನು ಮುಂದುವರಿಸಿ ಎಂದು ಕೇಳಲಿಲ್ಲ. ಆದರೂ ಜಪಾನ್ ಅದನ್ನು ಬಿಡಲಿಲ್ಲ. ಸಂಖ್ಯೆಯನ್ನು 23 ಲಕ್ಷಕ್ಕೆ ಏರಿಸಿ ಮುಂದುವರಿಸಿತು. ಅಮೆರಿಕದ ಸಂಸತ್ತಿನ ಭಯ ಒಂದು ಕಾರಣ. ಮಿತಿಯಿಂದ ತನ್ನ ಕಂಪನಿಗಳಿಗೆ ಅಂಥ ನಷ್ಟವೇನೂ ಆಗುತ್ತಿರಲಿಲ್ಲ ಎಂಬುದು ಇನ್ನೊಂದು.

ಸಂಖ್ಯೆಗೆ ಮಿತಿ ಇದ್ದಾಗ ಸರಕಿನ ಗುಣವೂ ಬದಲಾಗುತ್ತದೆ. ಕಳಿಸಲು ಇಷ್ಟೇ ಕಾರು ಎಂದಮೇಲೆ ಜಾಸ್ತಿ ಲಾಭ ಬರುವ ಕಾರನ್ನೇ ಕಳಿಸುತ್ತಾರೆ. ಜಪಾನಿನ ಕಂಪನಿಗಳು ಸಣ್ಣ ಕಾರಿನಿಂದ ದುಬಾರಿ ಕಾರಿನ ಕಡೆ ಹೊರಳಿದವು. ಅವುಗಳ ದುಬಾರಿ ಬ್ರ್ಯಾಂಡ್‌ಗಳಾದ ಅಕ್ಯುರಾ 1986ರಲ್ಲಿ, ಲೆಕ್ಸಸ್, ಇನ್ಫಿನಿಟಿ 1989ರಲ್ಲಿ ಬಂದವು. ಡೆಟ್ರಾಯ್ಟ್ ಅತಿ ಹೆಚ್ಚು ಲಾಭ ಮಾಡುತ್ತಿದ್ದ ವಿಭಾಗಕ್ಕೇ ಪೈಪೋಟಿ ಬಂದು ಕೂತಿತು. ಕಾರ್ಖಾನೆಗಳೂ ಜಾಗ ಬದಲಿಸಿದವು. ಹೋಂಡಾ ಮತ್ತು ನಿಸ್ಸಾನ್ ಅಮೆರಿಕದಲ್ಲಿ ಕಾರ್ಖಾನೆ ಹಾಕುವ ನಿರ್ಧಾರವನ್ನು ಮಿತಿ ಬರುವ ಮೊದಲೇ ಮಾಡಿದ್ದವು. ತಡೆ ಬರಲಿದೆ ಎಂಬ ವಾಸನೆ ಅವುಗಳಿಗೆ ಬಡಿದಿತ್ತು. ಓಹಿಯೊದ ಮೇರಿಸ್ವಿಲ್‌ನಲ್ಲಿ ಹೋಂಡಾದ ಮೊದಲ ಅಕಾರ್ಡ್ 1982ರ ನವೆಂಬರ್‌ನಲ್ಲಿ ಹೊರಬಂತು. ಟೊಯೋಟಾ 1984ರಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟರ್ಸ್ ಜೊತೆ ಸೇರಿ ಕಾರು ಮಾಡತೊಡಗಿತು.

ಯುರೋಪಿನ ಒಂದು ಪ್ರಸಂಗವನ್ನೂ ಹೇಳಬೇಕು. 1982ರ ಅಕ್ಟೋಬರ್‌ನಲ್ಲಿ ಫ್ರಾನ್ಸ್ ಒಂದು ಆದೇಶ ಹೊರಡಿಸಿತು: ಆಮದಾಗುವ ವಿಸಿಆರ್‌ಗಳೆಲ್ಲ (ಟಿವಿಗೆ ಜೋಡಿಸುವ ವಿಡಿಯೊ ಕ್ಯಾಸೆಟ್ ಯಂತ್ರಗಳು) ಪ್ವಾತಿಯೇ ಊರಿನಲ್ಲೇ ಕಸ್ಟಮ್ಸ್ ತಪಾಸಣೆ ಮುಗಿಸಬೇಕು. ಪ್ವಾತಿಯೇ ಬಂದರಲ್ಲ, ಸಮುದ್ರದಿಂದ ದೂರದ ಒಳನಾಡಿನ ಊರು. ಅಲ್ಲಿನ ಕಚೇರಿಯಲ್ಲಿ ಸಿಬ್ಬಂದಿ ಬೆರಳೆಣಿಕೆಯಷ್ಟು. ಪೆಟ್ಟಿಗೆಗಳು ಗೋದಾಮಿನಲ್ಲಿ ರಾಶಿ ಬಿದ್ದವು. ಸುಂಕ ಒಂದು ಪೈಸೆಯೂ ಏರಲಿಲ್ಲ, ಕೋಟಾದ ಮಾತೂ ಇರಲಿಲ್ಲ, ಆದರೆ ಆಮದು ಕುಸಿಯಿತು. ಯುರೋಪಿಗೆ ಕಳಿಸುವ ವಿಸಿಆರ್‌ಗಳಿಗೆ ಮಿತಿ ಹಾಕಲು ಜಪಾನ್ ಒಪ್ಪಿದ ಮೇಲೆ, 1983ರಲ್ಲಿ, ಈ ಆದೇಶ ರದ್ದಾಯಿತು.

ವಿನಿಮಯ ದರದ ಬಗ್ಗೆ ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1985ರ ಸೆಪ್ಟೆಂಬರ್ 22ರಂದು ನ್ಯೂಯಾರ್ಕಿನ ಪ್ಲಾಜಾ ಹೋಟೆಲ್‌ನಲ್ಲಿ ಅಮೆರಿಕ, ಜಪಾನ್, ಪಶ್ಚಿಮ ಜರ್ಮನಿ, ಫ್ರಾನ್ಸ್, ಬ್ರಿಟನ್ ದೇಶಗಳ ಹಣಕಾಸು ಸಚಿವರು ಸೇರಿ ಡಾಲರ್ ಬೆಲೆ ಇಳಿಸಲು ಒಪ್ಪಿದರು. ಆಗ ಒಂದು ಡಾಲರ್‌ಗೆ ಸುಮಾರು 240 ಯೆನ್ ಇತ್ತು. ಡಾಲರ್ ಇಳಿದದ್ದು ಸಾಕು ಎಂದು 1987ರ ಫೆಬ್ರವರಿಯಲ್ಲಿ ಮಾಡಿಕೊಂಡ ಲೂವ್ರ್ ಒಪ್ಪಂದದ ಹೊತ್ತಿಗೆ ಅದು 150ರ ಆಸುಪಾಸಿಗೆ ಬಂದಿತ್ತು. ಜಪಾನಿನಿಂದ ಹಡಗಿನಲ್ಲಿ ಬರುವ ಕಾರು ದುಬಾರಿಯಾಯಿತು, ಅಮೆರಿಕದಲ್ಲೇ ತಯಾರಾಗುವ ಹೋಂಡಾ, ಟೊಯೋಟಾ ಹೆಚ್ಚಾದವು. ದಶಕದ ಕೊನೆಗೆ ಮಿತಿಯಷ್ಟು ಕಾರುಗಳೂ ಹೋಗುತ್ತಿರಲಿಲ್ಲ. 1994ರಲ್ಲಿ ಮಿತಿಯೇ ಕೊನೆಗೊಂಡಿತು.

ಕಾರಿನ ಕಥೆ ಇಬ್ಬರು ಶ್ರೀಮಂತರ ನಡುವಿನದು. ನನ್ನ ಮನಸ್ಸಿಗೆ ಜಾಸ್ತಿ ನಾಟುವುದು ಬಟ್ಟೆಯ ಕಥೆ. ಹತ್ತಿ ಬಟ್ಟೆಗೆ 1960ರ ದಶಕದಿಂದಲೇ ವಿಶೇಷ ಮಿತಿಗಳಿದ್ದವು. 1974ರ ಜನವರಿಯಿಂದ ಬಹುನೂಲು ಒಪ್ಪಂದ ಬಂದು ಉಣ್ಣೆ ಮತ್ತು ಕೃತಕ ನೂಲನ್ನೂ ಸೇರಿಸಿಕೊಂಡಿತು. ಯಾವ ದೇಶದಿಂದ ಯಾವ ಬಗೆಯ ಉಡುಪು ಎಷ್ಟು ಬರಬಹುದು ಎಂದು ದೇಶವಾರು, ಬಗೆವಾರು ಲೆಕ್ಕ ಬರೆದಿಟ್ಟರು. ಬಡ ದೇಶವೊಂದು ಕೈಗಾರಿಕೆಗೆ ಕಾಲಿಡುವಾಗ ಸಾಮಾನ್ಯವಾಗಿ ಮೊದಲು ಹಿಡಿಯುವುದು ಹೊಲಿಗೆ ಕೆಲಸವನ್ನು. ಆ ಮೊದಲ ಮೆಟ್ಟಿಲಿಗೇ ಇಷ್ಟು ದೊಡ್ಡ ತಡೆ ಹಾಕಿದ್ದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಶ್ರೀಮಂತ ದೇಶಗಳ ಒಳಗೂ ಇದರ ಭಾರ ಹೆಚ್ಚಾಗಿ ಬಿದ್ದದ್ದು ಅಗ್ಗದ ಬಟ್ಟೆ ಕೊಳ್ಳುವ ಮನೆಗಳ ಮೇಲೆ.

ಹಾಂಕಾಂಗ್‌ನಲ್ಲಿ ಕೋಟಾಗೇ ಒಂದು ಮಾರುಕಟ್ಟೆ ಹುಟ್ಟಿತು. ತನ್ನ ಪಾಲಿನ ಕೋಟಾವನ್ನು ಒಬ್ಬ ರಫ್ತುದಾರ ಇನ್ನೊಬ್ಬನಿಗೆ ಮಾರಬಹುದಿತ್ತು. ಅಂಗಿ ಹೊಲಿಯದೆ, ಬರೀ ಕಾಗದ ಮಾರಿ ಹಣ ಗಳಿಸಿದವರೂ ಇದ್ದರು.

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರಿದರು ಅನ್ನುವ ಮಾತು ಇಲ್ಲಿ ಸರಿಯಾಗಿ ಹೊಂದುತ್ತದೆ. ದಕ್ಷಿಣ ಕೊರಿಯಾದ ಡೇವೂ ಕಂಪನಿಗೆ ತನ್ನ ದೇಶದ ಕೋಟಾ ಸಾಲುತ್ತಿರಲಿಲ್ಲ. ಬಾಂಗ್ಲಾದೇಶಕ್ಕೆ ಕೋಟಾದ ಹಂಗೇ ಇರಲಿಲ್ಲ, ಅಲ್ಲಿಂದ ಹೇಳಿಕೊಳ್ಳುವಂಥ ಉಡುಪು ರಫ್ತೇ ಇರಲಿಲ್ಲವಲ್ಲ! 1970ರ ದಶಕದ ಕೊನೆಯಲ್ಲಿ ಡೇವೂ ಅಲ್ಲಿನ ದೇಶ್ ಗಾರ್ಮೆಂಟ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಸುಮಾರು 130 ಕೆಲಸಗಾರರು ಕೊರಿಯಾದ ಬುಸಾನ್‌ಗೆ ಹೋಗಿ ಕೆಲಸ ಕಲಿತು ಬಂದರು. ಮುಂದಿನ ವರ್ಷಗಳಲ್ಲಿ ಅವರಲ್ಲಿ ಹೆಚ್ಚಿನವರು ಹೊರಬಿದ್ದು ಬೇರೆ ಕಾರ್ಖಾನೆ ಸೇರಿದರು, ಕೆಲವರು ತಾವೇ ಕಾರ್ಖಾನೆ ಶುರು ಮಾಡಿದರು. ಕಲಿತದ್ದು ಕೈಯಿಂದ ಕೈಗೆ ದಾಟಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ನೂರಾರು ಗಾರ್ಮೆಂಟ್ ಕಾರ್ಖಾನೆಗಳಾದವು. 1985ರಲ್ಲಿ ಅಮೆರಿಕ ಬಾಂಗ್ಲಾದೇಶದ ಮೇಲೂ ಕೋಟಾ ಹಾಕಿತು.

ಹಾಗಾಗಿ ಗ್ಯಾಟ್ ಮಾತುಕತೆಯ ಮುಂದಿನ ಸುತ್ತಾದ ಉರುಗ್ವೆ ಸುತ್ತಿನಲ್ಲಿ ಬಡ ದೇಶಗಳ ದೊಡ್ಡ ಬೇಡಿಕೆಗಳಲ್ಲಿ ಬಟ್ಟೆ ಕೋಟಾ ತೆಗೆಯುವುದೂ ಒಂದಾಗಿತ್ತು. 1986ರ ಸೆಪ್ಟೆಂಬರ್‌ನಲ್ಲಿ ಉರುಗ್ವೆಯ ಪುಂಟಾ ಡೆಲ್ ಎಸ್ಟೆಯಲ್ಲಿ ಶುರುವಾದ ಮಾತುಕತೆ 1990ರಲ್ಲಿ ಬ್ರಸೆಲ್ಸ್‌ನಲ್ಲಿ ಕೃಷಿ ಸಬ್ಸಿಡಿಯ ವಿಷಯಕ್ಕೆ ಮುರಿದು, ಮತ್ತೆ ಕೂಡಿ, 1994ರ ಏಪ್ರಿಲ್ 15ರಂದು ಮೊರಾಕೊದ ಮರಕೇಶ್‌ನಲ್ಲಿ ಸಹಿಯಾಯಿತು. 1995ರ ಜನವರಿ 1ಕ್ಕೆ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿತು. ಸ್ವಯಂಪ್ರೇರಿತ ರಫ್ತು ಮಿತಿಗಳನ್ನು ಹೊಸ ನಿಯಮ ನಿಷೇಧಿಸಿತು. ಬಡ ದೇಶಗಳು ಪೇಟೆಂಟ್ ನಿಯಮ ಮತ್ತು ಸೇವಾ ವಲಯದ ಒಪ್ಪಂದಕ್ಕೆ ತಲೆಯಾಡಿಸಿದವು, ಬದಲಿಗೆ ಬಟ್ಟೆ ಕೋಟಾ ಹೋಗಬೇಕಿತ್ತು.

ಹೋಯಿತು, ಆದರೆ ಹೇಗೆ ನೋಡಿ. 1990ರ ಆಮದಿನ ಲೆಕ್ಕದಲ್ಲಿ ಶೇ. 16ರಷ್ಟು ಸರಕನ್ನು 1995ರಲ್ಲಿ, ಶೇ. 17ನ್ನು 1998ರಲ್ಲಿ, ಶೇ. 18ನ್ನು 2002ರಲ್ಲಿ ಸಾಮಾನ್ಯ ನಿಯಮಗಳ ಅಡಿಗೆ ತರಬೇಕು. ಉಳಿದ ಶೇ. 49 ಕೊನೆಯ ದಿನಕ್ಕೆ, ಅಂದರೆ 2005ರ ಜನವರಿ 1ಕ್ಕೆ. ಯಾವ ಸರಕನ್ನು ಮೊದಲು ಬಿಡಬೇಕು ಎಂಬ ಆಯ್ಕೆ ಆಮದು ದೇಶಗಳ ಕೈಯಲ್ಲೇ ಇತ್ತು. ಮೊದಮೊದಲು ಬಿಟ್ಟದ್ದರಲ್ಲಿ ಎಷ್ಟೋ ಸರಕಿಗೆ ಹಿಂದೆ ಕೋಟಾವೇ ಇರಲಿಲ್ಲ. ಒಪ್ಪಂದ ಓದುವವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ: ಏನು ಕೊಡುತ್ತಾರೆ ಎಂಬ ಸಾಲನ್ನು ಓದಿ ನಿಲ್ಲಿಸಬೇಡಿ, ಯಾವಾಗ ಕೊಡುತ್ತಾರೆ, ಯಾವುದನ್ನು ಮೊದಲು ಕೊಡುತ್ತಾರೆ ಎಂಬ ಅನುಬಂಧವನ್ನೂ ಓದಿ.

ಗಡುವು ಮುಗಿದ ವರ್ಷವೇ ಹಳೆಯ ಅಭ್ಯಾಸ ಮರಳಿತು. ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರುವಾಗ ಒಪ್ಪಿದ್ದ ಒಂದು ಷರತ್ತಿನ ಪ್ರಕಾರ, ಅದರ ಬಟ್ಟೆಗೆ 2008ರ ಕೊನೆಯವರೆಗೆ ವಿಶೇಷ ತಡೆ ಹಾಕಬಹುದಿತ್ತು. 2005ರ ಜೂನ್‌ನಲ್ಲಿ ಯುರೋಪು ಮತ್ತು ಚೀನಾ ಹತ್ತು ಬಗೆಯ ಬಟ್ಟೆಗಳಿಗೆ ಮಿತಿ ಒಪ್ಪಿಕೊಂಡವು. ಕೆಲವು ಬಗೆಗಳ ಮಿತಿ ಬೇಸಿಗೆಯಲ್ಲೇ ತುಂಬಿತು. ಆಗಸ್ಟ್ ಹೊತ್ತಿಗೆ ಕೋಟಿಗಟ್ಟಲೆ ಸ್ವೆಟರ್, ಪ್ಯಾಂಟು, ಒಳಉಡುಪುಗಳು ಯುರೋಪಿನ ಬಂದರುಗಳಲ್ಲೇ ಸಿಕ್ಕಿಹಾಕಿಕೊಂಡವು. ಆ ಸರಕಿಗೆ ಮೊದಲೇ ಆರ್ಡರ್ ಕೊಟ್ಟು ಕಾಯುತ್ತಿದ್ದವರು ಯುರೋಪಿನದೇ ಅಂಗಡಿಗಳು. ಸೆಪ್ಟೆಂಬರ್‌ನಲ್ಲಿ ಎರಡೂ ಕಡೆಯವರು ಬೀಜಿಂಗ್‌ನಲ್ಲಿ ಮತ್ತೆ ಕೂತು, ಅರ್ಧದಷ್ಟು ಸರಕನ್ನು ಮಿತಿಯಾಚೆಗೆ ಒಳಬಿಟ್ಟು, ಉಳಿದದ್ದನ್ನು ಚೀನಾದ ಇತರ ಕೋಟಾಗಳ ಲೆಕ್ಕಕ್ಕೆ ಹೊಂದಿಸಿದರು.