ಸ್ಪಿನ್‌ಗೆ ಯಾರ ಹೆಸರು?

ಫಿಗರ್ ಸ್ಕೇಟಿಂಗ್ ನೋಡುವಾಗ ಸ್ಪಿನ್‌ಗಳು ನೂರು ಬಗೆ ಇರುವಂತೆ ಕಾಣುತ್ತವೆ, ಅಲ್ವಾ? ಮೂಲ ಭಂಗಿಗಳು ಮಾತ್ರ ಮೂರೇ. ನಿಂತು ತಿರುಗಿದರೆ ಅಪ್‌ರೈಟ್, ಕುಕ್ಕರುಗಾಲಲ್ಲಿ ತಿರುಗಿದರೆ ಸಿಟ್, ಮೈ ಬಾಗಿಸಿ ಒಂದು ಕಾಲನ್ನು ಹಿಂದಕ್ಕೆ ಚಾಚಿದರೆ ಕ್ಯಾಮೆಲ್. ಮಿಕ್ಕವೆಲ್ಲ ಇವುಗಳ ಮಕ್ಕಳು, ಮೊಮ್ಮಕ್ಕಳು.

ಸಿಟ್ ಸ್ಪಿನ್ ಶುರು ಮಾಡಿದವರು ನ್ಯೂಯಾರ್ಕಿನ ಜಾಕ್ಸನ್ ಹೇನ್ಸ್. ಬ್ಯಾಲೆ ಬಲ್ಲವರು. 1860ರ ದಶಕದ ಅಮೆರಿಕದಲ್ಲಿ ಸ್ಕೇಟಿಂಗ್ ಅಂದರೆ ಮೈ ಬಿಗಿಹಿಡಿದು ಮಂಜುಗಡ್ಡೆಯ ಮೇಲೆ ಅಚ್ಚುಕಟ್ಟಾಗಿ ಗೆರೆ ಎಳೆಯುವುದು. ಸಂಗೀತಕ್ಕೆ ಕುಣಿಯುವ ಹೇನ್ಸ್ ಅಲ್ಲಿನವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಯುರೋಪಿಗೆ ಹೊರಟರು. ವಿಯೆನ್ನಾದ ಜನ ಮುಗಿಬಿದ್ದು ನೋಡಿದರು. 1875ರಲ್ಲಿ ಫಿನ್ಲೆಂಡ್‌ನಲ್ಲಿ ತೀರಿಕೊಂಡರು. ಆ ಸ್ಪಿನ್‌ಗೆ ಬಹಳ ಕಾಲ 'ಜಾಕ್ಸನ್ ಹೇನ್ಸ್' ಅಂತಲೇ ಹೆಸರಿತ್ತು. ಈಗ ಬರೀ ಸಿಟ್ ಸ್ಪಿನ್.

ಕ್ಯಾಮೆಲ್ ಮತ್ತು ಲೇಬ್ಯಾಕ್ (ನಿಂತು ತಿರುಗುತ್ತಲೇ ಬೆನ್ನು ಹಿಂದಕ್ಕೆ ಬಾಗಿಸುವ ಸ್ಪಿನ್), ಎರಡರ ಶ್ರೇಯಸ್ಸೂ ಸಲ್ಲುವುದು 1937ರ ವಿಶ್ವ ಚಾಂಪಿಯನ್, ಬ್ರಿಟನ್ನಿನ ಸಿಸಿಲಿಯಾ ಕಾಲೆಜ್ ಅವರಿಗೆ. ಎರಡರಲ್ಲೂ ಅವರ ಹೆಸರಿಲ್ಲ. ಕ್ಯಾಮೆಲ್‌ಗೆ ಒಂದು ಜಿಗಿತ ಸೇರಿಸಿದ ಅಮೆರಿಕದ ಸ್ಕೇಟರ್ ಡಿಕ್ ಬಟನ್‌ಗೆ 'ಬಟನ್ ಕ್ಯಾಮೆಲ್' ಸಿಕ್ಕಿತು. ಕ್ಯಾಮೆಲ್‌ನಿಂದ ಹಾಗೇ ಕುಸಿದು ಸಿಟ್‌ಗೆ ಇಳಿಯುತ್ತಿದ್ದ 1976ರ ಒಲಿಂಪಿಕ್ ಚಾಂಪಿಯನ್ ಡೊರೊಥಿ ಹ್ಯಾಮಿಲ್‌ಗೆ 'ಹ್ಯಾಮಿಲ್ ಕ್ಯಾಮೆಲ್'. ಮೂಲ ಕೊಟ್ಟವರಿಗೆ ಮಾತ್ರ ಏನೂ ಇಲ್ಲ. ಅನ್ಯಾಯವೇ ಸರಿ.

ಗಟ್ಟಿಯಾಗಿ ಉಳಿದ ಹೆಸರು ಬೀಲ್ಮನ್. ಬೆನ್ನು ಹಿಂದಕ್ಕೆ ಬಾಗಬೇಕು, ಕೈ ಹಿಂದೆ ಹೋಗಿ ಎತ್ತಿದ ಕಾಲಿನ ಬ್ಲೇಡ್ ಹಿಡಿಯಬೇಕು, ಅದನ್ನು ತಲೆಗಿಂತ ಮೇಲಕ್ಕೆ ಎಳೆಯಬೇಕು. ಇಷ್ಟೆಲ್ಲ ನಡೆಯುವಾಗ ಇನ್ನೊಂದು ಕಾಲು ಒಂದೇ ಜಾಗದಲ್ಲಿ ತಿರುಗುತ್ತಿರಬೇಕು. ರಷ್ಯಾದ ತಮಾರಾ ಮೊಸ್ಕ್ವಿನಾ 1960ರ ದಶಕದಲ್ಲೇ ಇದನ್ನು ಮಾಡಿದ್ದರು. ಆದರೆ 1981ರಲ್ಲಿ ವಿಶ್ವ ಚಾಂಪಿಯನ್ ಆದ ಸ್ವಿಟ್ಜರ್ಲೆಂಡ್‌ನ ಡೆನಿಸ್ ಬೀಲ್ಮನ್ ಇದನ್ನು ಮನೆಮಾತು ಮಾಡಿದರು. ಮೊದಲು ಮಾಡಿದವರಿಗಿಂತ ಜನರ ಕಣ್ಣಲ್ಲಿ ಉಳಿದವರದ್ದೇ ಹೆಸರು.

2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನಲ್ಲಿ ಜೋಡಿ ಸ್ಕೇಟಿಂಗ್ ತೀರ್ಪಿನ ಬಗ್ಗೆ ದೊಡ್ಡ ಗಲಾಟೆ ಆಯಿತು. ಕೊನೆಗೆ ರಷ್ಯಾ, ಕೆನಡಾ ಎರಡಕ್ಕೂ ಚಿನ್ನ ಕೊಡಬೇಕಾಯಿತು. ಅದರ ಬೆನ್ನಿಗೇ, 2004ರಲ್ಲಿ, ಹೊಸ ಅಂಕ ಪದ್ಧತಿ ಬಂತು. ಭಂಗಿಗಳಿಗೆ ಅಳತೆ ಬಿಗಿಯಾಯಿತು. ಸಿಟ್ ಸ್ಪಿನ್ ಅನ್ನಿಸಿಕೊಳ್ಳಬೇಕಾದರೆ ತಿರುಗುವ ಕಾಲಿನ ತೊಡೆ ಮಂಜಿಗೆ ಸಮಾನಾಂತರ ಆಗುವಷ್ಟಾದರೂ ಇಳಿಯಬೇಕು. ಕ್ಯಾಮೆಲ್‌ನಲ್ಲಿ ಹಿಂದೆ ಚಾಚಿದ ಕಾಲಿನ ಮಂಡಿ ಸೊಂಟಕ್ಕಿಂತ ಮೇಲಿರಬೇಕು. ಯಾವುದೇ ಭಂಗಿ ಕನಿಷ್ಠ 2 ಸುತ್ತು ನಿಲ್ಲಬೇಕು.

ಕಷ್ಟದ ಭಂಗಿಗೆ ಜಾಸ್ತಿ ಅಂಕ ಅಂದಾಗ ಏನಾಗುತ್ತದೆ? ಎಲ್ಲರೂ ಬ್ಲೇಡ್ ಹಿಡಿಯತೊಡಗಿದರು. ಬೆನ್ನು ಬಾಗಲಿ ಬಿಡಲಿ, ಬೀಲ್ಮನ್ ಬೇಕೇ ಬೇಕು. ಎಷ್ಟೋ ಸಲ ವೇಗ ಸತ್ತು, ಸ್ಪಿನ್ ಒದ್ದಾಡುವುದನ್ನು ನೋಡಬೇಕಾಯಿತು. ನನಗಂತೂ ಅದಕ್ಕಿಂತ ಸುಮ್ನೆ ಕೈಕಟ್ಟಿ ರೊಯ್ಯನೆ ತಿರುಗುವ ಸ್ಕ್ರ್ಯಾಚ್ ಸ್ಪಿನ್ನೇ ಚೆಂದ. ಆಮೇಲೆ ನಿಯಮಕ್ಕೂ ಕಡಿವಾಣ ಬಿತ್ತು. ಒಂದೇ ಬಗೆಯ ಕಷ್ಟದ ಭಂಗಿಯನ್ನು ಒಂದು ಪ್ರದರ್ಶನದಲ್ಲಿ ಎಷ್ಟು ಸಲ ಮಾಡಿದರೂ ಲೆವೆಲ್‌ಗೆ, ಅಂದರೆ ಸ್ಪಿನ್ ಎಷ್ಟು ಕಷ್ಟದ್ದು ಅಂತ ಅಂಕಕ್ಕಾಗಿ ಗುರುತಿಸುವ ಮಟ್ಟಕ್ಕೆ, ಲೆಕ್ಕ ಹಿಡಿಯುವುದು ಒಂದೇ ಸಲ.