ಕ್ವಾರಂಟೈನ್ ಯಾರಿಗೆ?

"ಬಾಲ್ ಪೈಥಾನ್ ಎರಡು ಸಲ ಇಲಿ ಕಕ್ಕಿತು. ಬಾಯಲ್ಲಿ ನೊರೆ. ಕ್ವಾರಂಟೈನ್ ಮಾಡಿದ್ದೇನೆ." ಹಾವು ಸಾಕುವ ಮಂಜೇಶ್ವರದ ಗೆಳೆಯರೊಬ್ಬರ ವಾಟ್ಸಾಪ್ ಸಂದೇಶ. ಬಾಲ್ ಪೈಥಾನ್ ಎಂದರೆ ಆಫ್ರಿಕಾದ ಸಣ್ಣ ಹೆಬ್ಬಾವು. ಈ ಪದವನ್ನು ಹೀಗೆ ಬಳಸುವುದನ್ನು ನೋಡಿ ನೋಡಿ ಸಾಕಾಗಿದೆ. ಕಾಯಿಲೆ ಬಿದ್ದದ್ದನ್ನು ಬೇರೆ ಇಡುವುದು ಐಸೋಲೇಶನ್. ಕ್ವಾರಂಟೈನ್ ಇರುವುದು ಚೆನ್ನಾಗಿಯೇ ಕಾಣುವ ಜೀವಕ್ಕೆ.

ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? 2020ರಲ್ಲಿ ಗಲ್ಫಿನಿಂದ ಬಂದ ಮಗ, ಅಳಿಯ ಜ್ವರವಿಲ್ಲದೆ, ಕೆಮ್ಮಿಲ್ಲದೆ ಕೋಣೆಯೊಳಗೆ ಕೂತು ದಿನ ಎಣಿಸಿದರಲ್ವಾ, ಅದು ಕ್ವಾರಂಟೈನ್. ಪಾಸಿಟಿವ್ ಬಂದವರನ್ನು ಆಸ್ಪತ್ರೆಯಲ್ಲಿಟ್ಟದ್ದು ಐಸೋಲೇಶನ್. ಕರ್ನಾಟಕದವರು ಗಡಿ ರಸ್ತೆಗೆ ಮಣ್ಣು ಸುರಿದದ್ದು ಎರಡೂ ಅಲ್ಲ, ಅದರ ಹೆಸರು ಇಲ್ಲಿ ಬೇಡ.

ಪದ ಹುಟ್ಟಿದ್ದೂ ಗಡಿ ಕಾಯುವ ಜಾಗದಲ್ಲೇ. 1377ರಲ್ಲಿ ರಗೂಸಾ, ಅಂದರೆ ಇಂದಿನ ಕ್ರೊಯೇಷಿಯಾದ ಬಂದರು ದುಬ್ರೋವ್ನಿಕ್, ಒಂದು ಕಟ್ಟಳೆ ಮಾಡಿತು. ಪ್ಲೇಗ್ ಇರುವ ಕಡೆಯಿಂದ ಬಂದವರು ತಿಂಗಳು ಕಾಲ ಹೊರಗಿದ್ದು ಬರಬೇಕು. ಮೂವತ್ತು ದಿನ, ಹಾಗಾಗಿ 'ತ್ರೆಂತೀನೊ'. ಆಮೇಲೆ ಅದು ನಲ್ವತ್ತಕ್ಕೆ ಏರಿತು. ವೆನಿಸ್ಸಿನವರ ಮಾತಿನಲ್ಲಿ ನಲ್ವತ್ತು ಎಂದರೆ 'ಕ್ವಾರಂತಾ'. ಪದದ ಹೊಟ್ಟೆಯಲ್ಲೇ ಲೆಕ್ಕ ಇದೆ, ರೋಗ ಇಲ್ಲ. ಯಾರಿಗೆ ರೋಗ ಬಂತು ಎಂದಲ್ಲ, ಎಷ್ಟು ದಿನ ಕಾಯಬೇಕು ಎಂಬುದೇ ಅದರ ಪ್ರಶ್ನೆ. ನಮ್ಮ ಸೂತಕದ ಹಾಗೆ: ಮನೆಯವರಿಗೆ ಏನೂ ಆಗಿರುವುದಿಲ್ಲ, ಆದರೂ ದಿನ ಮುಗಿಯಬೇಕು.

ಹಾವಿಗೆ ನಲ್ವತ್ತು ಸಾಲದು. ಹೊಸ ಹಾವಿಗೆ ಕನಿಷ್ಠ 90 ದಿನ ಅನ್ನುತ್ತಾರೆ. ಬೋವಾ (ಹೆಬ್ಬಾವಿನಂಥದೇ ಬೇರೊಂದು ಜಾತಿಯ ಹಾವು) ಆದರೆ ಆರು ತಿಂಗಳು ಎನ್ನುವವರೂ ಇದ್ದಾರೆ, ಅದಕ್ಕೆ ಕಾರಣವೂ ಇದೆ. ಇನ್‌ಕ್ಲೂಶನ್ ಬಾಡಿ ಡಿಸೀಸ್ ಎಂಬ ವೈರಸ್ ರೋಗವನ್ನು ಬೋವಾ ಎಷ್ಟೋ ತಿಂಗಳು, ಕೆಲವು ಸಲ ವರ್ಷಗಟ್ಟಲೆ ಸುಮ್ನೆ ಹೊತ್ತಿರುತ್ತದೆ, ತಿನ್ನುತ್ತದೆ, ಪೊರೆ ಬಿಡುತ್ತದೆ. ಅದೇ ರೋಗ ಹೆಬ್ಬಾವಿಗೆ ತಾಗಿದರೆ ಬೇಗ ಮುಗಿಯುತ್ತದೆ. ತಲೆ ಆಕಾಶಕ್ಕೆ ತಿರುಗುತ್ತದೆ, ಬೆನ್ನಡಿ ಮಾಡಿ ಇಟ್ಟರೆ ಮಗುಚಿಕೊಳ್ಳಲು ಆಗುವುದಿಲ್ಲ. ಮದ್ದಿಲ್ಲ. ಹಾಗಾಗಿ ದಿನ ಎಣಿಸುವುದರ ಜೊತೆ ರಕ್ತ ಪರೀಕ್ಷೆಯೂ ಬೇಕು.

ಬೇರೆ ಡಬ್ಬಿ ಎಂದರೆ ಕ್ವಾರಂಟೈನ್ ಅಲ್ಲ, ಬೇರೆ ಕೋಣೆ. ಡಬ್ಬಿಯ ತಳಕ್ಕೆ ತೆಂಗಿನ ನಾರು ಹಾಕಬೇಡಿ, ಬಿಳಿ ಟಿಶ್ಯೂ ಹಾಕಿ. ಹಾವು ಗಂಟೆಗಟ್ಟಲೆ ನೀರಿನ ತಟ್ಟೆಯಲ್ಲೇ ಸುತ್ತಿಕೊಂಡಿದ್ದರೆ ತಳ ನೋಡಿ. ಗಸಗಸೆಯಷ್ಟು ಕರಿ ಚುಕ್ಕೆಗಳು ಮುಳುಗಿದ್ದರೆ ಅದು ಹಾವಿನ ನುಸಿ. ಕಣ್ಣಿನ ಸುತ್ತ, ಗಂಟಲಿನ ಅಡಿ ಅದೇ ಅಂಟಿರುತ್ತದೆ. ಹೊಸ ಹಾವಿಗೆ ಇಕ್ಕುಳವೂ ಬೇರೆ ಇರಲಿ. ಹಳೆಯ ಹಾವುಗಳ ಕೆಲಸ ಮೊದಲು, ಹೊಸದರದ್ದು ಕೊನೆಗೆ, ಆಮೇಲೆ ಕೈ ತೊಳೆಯುವುದು. ಈ ಕ್ರಮ ತಲೆಕೆಳಗಾದರೆ 90 ದಿನವೂ ದಂಡ.

(ಊರಿನ ಹೆಬ್ಬಾವು ಹಿಡಿದು ತಂದು 'ಕ್ವಾರಂಟೈನ್‌ನಲ್ಲಿ ಇಟ್ಟಿದ್ದೇನೆ' ಎನ್ನುವವರಿಗೆ: ಅದು 1972ರ ವನ್ಯಜೀವಿ ಕಾಯಿದೆಯಡಿ ಅಪರಾಧ. ನಾಗಬನದಲ್ಲಿ ಹಾವನ್ನು ಪೂಜಿಸಿ ತಂಬಿಲ ಕೊಡುವ ಊರಿನವರಿಗೆ ಇದನ್ನು ಬೇರೆ ಹೇಳಬೇಕು.)

ಗೆಳೆಯರಿಗೆ ಫೋನ್ ಮಾಡಿದೆ. ಕಕ್ಕಿದ ಹಾವು ಎರಡು ತಿಂಗಳು ಉಳಿದ ಎರಡರ ಜೊತೆ ಒಂದೇ ಕೋಣೆಯಲ್ಲಿತ್ತಂತೆ. "ಆ ಎರಡೂ ಸರಿ ಇವೆ ಮಾರಾಯರೇ, ನಿನ್ನೆಯೂ ತಿಂದಿವೆ," ಎಂದರು.

"ಹಾಗಾದರೆ ಕ್ವಾರಂಟೈನ್ ಆ ಎರಡಕ್ಕೆ," ಎಂದೆ. "ಇವತ್ತಿನಿಂದ ಎಣಿಸಿ."